ಏಳು ಗಂಟೆಯ ಕರೆಂಟೇ ನಮ್ಮ ನೀರಿನ ನೀತಿ

(ಅಂತರ್ಜಲ, ಬೇಸಾಯ ಮತ್ತು ಸುಸ್ಥಿರ ಅಭಿವೃದ್ಧಿ ಕುರಿತ ಉಪನ್ಯಾಸದ ಬರಹ ರೂಪ)

ಬೋರ್ ಕೊರೆಸಿದವರನ್ನು ಎಷ್ಟು ನೀರು ಬಿತ್ತು ಎಂದು ಕೇಳಿ ನೋಡಿ. ಲೀಟರ್ ಲೆಕ್ಕ ಯಾರೂ ಹೇಳುವುದಿಲ್ಲ. ‘ಎರಡಿಂಚು ಬಿದ್ದಿದೆ’ ಅನ್ನುತ್ತಾರೆ. ಸುಸ್ಥಿರ ಅಭಿವೃದ್ಧಿ, ಕೃಷಿ ನೀತಿ, ಪರಿಸರ ನೀತಿ ಎಂಬ ದೊಡ್ಡ ಮಾತುಗಳನ್ನೆಲ್ಲ ಸ್ವಲ್ಪ ಹೊತ್ತು ಬದಿಗಿಟ್ಟು ಆ ಎರಡಿಂಚಿನಿಂದಲೇ ಶುರು ಮಾಡೋಣ.

ಕೊರೆಯುವ ಲಾರಿಯ ಕಂಪ್ರೆಸರ್ ಗಾಳಿ ಊದಿ ನೀರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಆ ನೀರು ಹರಿಯುವ ಜಾಗಕ್ಕೆ ಅಡ್ಡಲಾಗಿ ‘ವಿ’ ಆಕಾರಕ್ಕೆ, 90 ಡಿಗ್ರಿ ಕೋನದಲ್ಲಿ ಕತ್ತರಿಸಿದ ತಗಡು ನಿಲ್ಲಿಸುತ್ತಾರೆ. ವಿ-ಯ ತಳದಿಂದ ನೀರು ಎಷ್ಟು ಇಂಚು ಎತ್ತರಕ್ಕೆ ಹರಿಯುತ್ತದೋ ಅದೇ ಬೋರಿನ ‘ಇಂಚು’. ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಎಂದರೆ 1,000 ಅಲ್ಲ, ಸುಮಾರು 2,900 ಲೀಟರ್. ಮೂರು ಇಂಚಾದರೆ ಹತ್ತಿರ ಹತ್ತಿರ 8,000. ವಿ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಹೀಗೆ. ಅರ್ಧ ಇಂಚು ಕಡಿಮೆಯಾಯಿತು ಎಂದು ಹಗುರವಾಗಿ ಹೇಳುವವರು ಇದನ್ನು ಗಮನಿಸಬೇಕು: ಎರಡಿಂಚು ಒಂದೂವರೆಗೆ ಇಳಿದರೆ ನೀರು ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಇನ್ನೂ ಒಂದು ವಿಷಯ. ಲಾರಿ ನಿಂತ ದಿನದ ಇಂಚು ಪಂಪ್ ಇಳಿಸಿದ ಮೇಲೆ ಉಳಿಯುವುದಿಲ್ಲ. ಬಂಡೆಯ ಬಿರುಕಿನಲ್ಲಿ ಮೊದಲೇ ತುಂಬಿಕೊಂಡಿದ್ದ ನೀರು ಆ ದಿನ ಚಿಮ್ಮುತ್ತದೆ. ಅದು ಖಾಲಿಯಾದ ಮೇಲೆ ಬರುವುದಷ್ಟೇ ಬೋರಿನ ಅಸಲಿ ನೀರು. ಮೊದಲ ದಿನದ ಇಂಚು ನೋಡಿ ಮೋಟಾರ್ ಕೊಂಡವರ ಪಂಪ್ ಒಣಗಿ ಓಡಿ ಸುಟ್ಟುಹೋಗುವುದು ಇದೇ ಕಾರಣಕ್ಕೆ.

ಈಗ ಎರಡಿಂಚಿನ ಬೋರು ದಿನಕ್ಕೆ ಏಳು ಗಂಟೆ ಓಡುತ್ತದೆ ಎನ್ನಿ. ಕರ್ನಾಟಕದಲ್ಲಿ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ (ಮೋಟಾರ್ ಓಡಿಸುವ ಮೂರು ತಂತಿಯ ಕರೆಂಟ್) ಕೊಡುತ್ತೇವೆ ಎಂದು ಹೇಳುವುದು ಅಷ್ಟೇ ಗಂಟೆ. ದಿನಕ್ಕೆ 20 ಸಾವಿರ ಲೀಟರ್ ನೀರು ಮೇಲೆ ಬಂತು. ವರ್ಷದಲ್ಲಿ 300 ದಿನ ಓಡಿದರೆ 60 ಲಕ್ಷ ಲೀಟರ್. ಹೆಚ್ಚೋ ಕಡಿಮೆಯೋ ಎಂದು ತಿಳಿಯಬೇಕಾದರೆ ಮಳೆಯ ಕಡೆ ನೋಡಬೇಕು.

ಕೋಲಾರದ ಕಡೆ ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ. ನೆಲ ಗ್ರಾನೈಟ್ ಮತ್ತು ನೈಸ್ ಶಿಲೆ, ಮೇಲೆ ಜೇಡಿ ಬೆರೆತ ಕೊಳೆತ ಕಲ್ಲು. ಅಂಥ ನೆಲದಲ್ಲಿ ಬಿದ್ದ ಮಳೆಯಲ್ಲಿ ನೂರಕ್ಕೆ ಎಂಟು ಪಾಲು ಮಾತ್ರ ಅಂತರ್ಜಲಕ್ಕೆ ಸೇರುತ್ತದೆ ಎಂಬುದು ನಮ್ಮ ದೇಶದಲ್ಲಿ ಅಂತರ್ಜಲ ಅಂದಾಜು ಮಾಡುವಾಗ ಹಿಡಿಯುವ ಸಾಮಾನ್ಯ ಪ್ರಮಾಣ. ಜೇಡಿ ಕಡಿಮೆಯಿದ್ದರೆ ಹನ್ನೊಂದು. ಎಂಟೇ ಹಿಡಿದರೆ 60 ಮಿ.ಮೀ. ಒಂದು ಎಕರೆಯ ಮೇಲೆ 60 ಮಿ.ಮೀ. ಎಂದರೆ ಸುಮಾರು 2 ಲಕ್ಷ 43 ಸಾವಿರ ಲೀಟರ್. ಒಂದು ಎಕರೆಗೆ ಹಾಯಿಸುವ ಒಂದು ತೇವದ ನೀರು, ಐದಾರು ಸೆಂಟಿಮೀಟರ್, ಅದೂ ಇಷ್ಟೇ ಆಗುತ್ತದೆ. ಅಂದರೆ ಒಂದು ಎಕರೆ ನೆಲ ವರ್ಷವಿಡೀ ಕುಡಿದು ಒಳಗೆ ಇಟ್ಟುಕೊಂಡ ನೀರನ್ನು ನಾವು ಅದೇ ಎಕರೆಗೆ ಒಂದೇ ತೇವದಲ್ಲಿ ಮುಗಿಸುತ್ತೇವೆ.

ನಮ್ಮ ಎರಡಿಂಚಿನ ಬೋರಿನ 60 ಲಕ್ಷ ಲೀಟರಿಗೆ ಸುಮಾರು 25 ಎಕರೆಯ ಇಂಗುವಿಕೆ ಬೇಕು. ಭತ್ತಕ್ಕೆ 1,200 ಮಿ.ಮೀ. ನೀರು ಹಿಡಿದರೆ ಒಂದು ಎಕರೆ ಭತ್ತ ಇಪ್ಪತ್ತು ಎಕರೆಯ ಇಂಗಿದ ನೀರನ್ನು ಕುಡಿಯುತ್ತದೆ. ಎರಡು ಮೂರು ಎಕರೆ ಹಿಡುವಳಿಯ ಊರಿನಲ್ಲಿ ಪ್ರತಿ ಹಿಡುವಳಿಗೂ ಒಂದೊಂದು ಬೋರು ಕೊರೆದರೆ ಏನಾಗುತ್ತದೆ ಎಂದು ತಿಳಿಯಲು ವಿಜ್ಞಾನಿಯೇ ಬೇಕಿಲ್ಲ, ಸಂತೆಯ ಲೆಕ್ಕ ಸಾಕು.

ಈ ಲೆಕ್ಕ ಜನರ ಕಣ್ಣಿಗೆ ಬೀಳದೆ ಇರುವುದಕ್ಕೂ ಒಂದು ಕಾರಣವಿದೆ. ಕೊಳೆತ ಕಲ್ಲಿನಲ್ಲಿ ನೀರು ನಿಲ್ಲುವ ಸಂದು ನೂರಕ್ಕೆ ಒಂದೂವರೆ ಪಾಲು ಮಾತ್ರ. ಹಾಗಾಗಿ 60 ಮಿ.ಮೀ. ಇಂಗಿದರೆ ಬಾವಿಯ ಮಟ್ಟ ನಾಲ್ಕು ಮೀಟರ್ ಏರುತ್ತದೆ. ಒಳ್ಳೆಯ ಮಳೆ ಬಂದ ವರ್ಷ ಹದಿಮೂರು ಅಡಿ ಮೇಲೆ ಬಂದ ನೀರನ್ನು ನೋಡಿ ‘ಗಂಗಮ್ಮ ಒಲಿದಳು’ ಎನ್ನುತ್ತೇವೆ. ಇದ್ದದ್ದು ಅದೇ ಒಂದು ತೇವದ ನೀರು. ಮಟ್ಟ ಬೇಗ ಏರುವ ಜಾಗದಲ್ಲೇ ಬೇಗ ಇಳಿಯುತ್ತದೆ ಕೂಡ. ಪಂಜಾಬಿನ ಮೆಕ್ಕಲು ಮಣ್ಣಿನಲ್ಲಿ ಹೀಗಲ್ಲ. ಅಲ್ಲಿ ಸಂದು ಹೆಚ್ಚು, ಇಳಿತ ನಿಧಾನ, ಆದ್ದರಿಂದ ಎಚ್ಚರವಾಗುವುದೂ ನಿಧಾನ. ಒಂದೇ ನೀತಿಯನ್ನು ಎರಡೂ ಕಡೆ ಅನ್ವಯಿಸಬಾರದು ಎಂದು ಹೇಳುವುದು ಇದಕ್ಕೇ.

ಕಾಗದದ ಕಾನೂನು, ಕಂಬದ ಕಾನೂನು

ಭಾರತ ಅಂತರ್ಜಲ ಎತ್ತುವುದರಲ್ಲಿ ಜಗತ್ತಿಗೇ ಮೊದಲು. ಚೀನಾ ಮತ್ತು ಅಮೆರಿಕ ಸೇರಿಸಿದರೂ ನಮ್ಮಷ್ಟು ಎತ್ತುವುದಿಲ್ಲ. ಎತ್ತಿದ್ದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಹೊಲಕ್ಕೆ ಹೋಗುತ್ತದೆ. ಇದನ್ನು ಆಳುವ ಕಾನೂನು ಯಾವುದು ಎಂದು ಹುಡುಕಿದರೆ 1882ರ ಈಸ್‌ಮೆಂಟ್ ಕಾಯ್ದೆಗೆ ಹೋಗಿ ನಿಲ್ಲುತ್ತೇವೆ: ನೆಲ ಯಾರದೋ ಕೆಳಗಿನ ನೀರೂ ಅವರದೇ. ಅದು ರಾಟೆ, ಕಪಿಲೆಯ ಕಾಲಕ್ಕೆ ಸರಿಯಾಗಿತ್ತು. ಎತ್ತಿನ ಜೋಡಿ ದಿನಕ್ಕೆ ಇಷ್ಟೇ ಎಳೆಯಬಲ್ಲದು ಎಂಬ ಮಿತಿ ತಾನಾಗಿಯೇ ಇತ್ತು. ಕರ್ನಾಟಕ 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯ್ದೆ ತಂದಿತು. ಅಧಿಸೂಚಿತ ತಾಲ್ಲೂಕಿನಲ್ಲಿ ಬೋರ್ ಕೊರೆಯಲು ಅನುಮತಿ ಬೇಕು, ಕೊರೆಯುವ ಲಾರಿಗೂ ನೋಂದಣಿ ಬೇಕು. ಓದಲು ಚೆನ್ನಾಗಿದೆ. ಆದರೆ ಅನುಮತಿಗೆ ಕಾಯುವ ಹೊತ್ತಿಗೆ ಬೆಳೆ ಒಣಗುತ್ತದೆ, ಲಾರಿ ರಾತ್ರಿ ಬಂದು ಬೆಳಗಾಗುವುದರೊಳಗೆ ಸಾವಿರ ಅಡಿ ಇಳಿಸಿ ಹೋಗಿರುತ್ತದೆ. ಒಣಗುತ್ತಿರುವ ತೋಟದ ಮುಂದೆ ನಿಂತ ರೈತನಿಗೆ ಅರ್ಜಿ ನಮೂನೆ ಕೊಡುವ ಕಾನೂನು ಸೋಲಲೇಬೇಕು.

ಗೆಲ್ಲುವ ಕಾನೂನು ಕಂಬದ ಮೇಲಿದೆ. ಫೀಡರಿಗೆ, ಅಂದರೆ ಸಬ್‌ಸ್ಟೇಷನ್ನಿನಿಂದ ಊರಿಗೆ ಬರುವ ಲೈನಿಗೆ, ಎಷ್ಟು ಗಂಟೆ ತ್ರೀಫೇಸ್ ಬಿಡುತ್ತೇವೆ ಎಂಬುದೇ ಆ ಊರು ಎಷ್ಟು ನೀರು ಎತ್ತುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಕರ್ನಾಟಕದಲ್ಲಿ 2008ರಿಂದ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಬಿಲ್ ಇಲ್ಲ. ಬಿಲ್ ಇಲ್ಲದ ಕಡೆ ಆಟೋ ಸ್ಟಾರ್ಟರ್ ಹಾಕುವುದು ಸಹಜ. ಕರೆಂಟ್ ಯಾವಾಗ ಬಂದರೂ ಮೋಟಾರ್ ತಾನೇ ಓಡುತ್ತದೆ, ಹೊಲದಲ್ಲಿ ಯಾರೂ ಇರಬೇಕಿಲ್ಲ, ರಾತ್ರಿ ಎರಡು ಗಂಟೆಗೆ ಬದು ಒಡೆದು ನೀರು ರಸ್ತೆಗೆ ಹರಿದರೂ ನಿಲ್ಲಿಸುವವರಿಲ್ಲ. ಇದನ್ನು ರೈತನ ಸೋಮಾರಿತನ ಎಂದು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಾತ್ರಿ ಹಾವು ಚೇಳಿನ ನಡುವೆ, ಯಾವಾಗ ಬರುತ್ತದೋ ತಿಳಿಯದ ಕರೆಂಟಿಗೆ ಕಾದು ಕೂರು ಎಂದು ಹೇಳುವ ವೇಳಾಪಟ್ಟಿ ಮಾಡಿದವರು ಯಾರು?

ಬಿಲ್ ಇಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ಸಾವಿರ ಲೀಟರ್ ನೀರನ್ನು 300 ಮೀಟರ್, ಅಂದರೆ ಸುಮಾರು ಸಾವಿರ ಅಡಿ ಎತ್ತಲು ಲೆಕ್ಕದ ಪ್ರಕಾರ ಮುಕ್ಕಾಲು ಯೂನಿಟ್‌ಗಿಂತ ತುಸು ಹೆಚ್ಚು ಸಾಕು. ಆದರೆ ರೀವೈಂಡಿಂಗ್ ಆದ ಮೋಟಾರ್, ಸವೆದ ಇಂಪೆಲ್ಲರ್, ಕಡಿಮೆ ವೋಲ್ಟೇಜ್ ಎಲ್ಲ ಸೇರಿ ಪಂಪಿನ ದಕ್ಷತೆ ನೂರಕ್ಕೆ ನಲವತ್ತು ಇದ್ದರೆ ಹೆಚ್ಚು. ಹಾಗಾಗಿ ಎರಡು ಯೂನಿಟ್ ಬೇಕಾಗುತ್ತದೆ. ದಿನಕ್ಕೆ 20 ಸಾವಿರ ಲೀಟರಿಗೆ 41 ಯೂನಿಟ್, 300 ದಿನಕ್ಕೆ 12 ಸಾವಿರ ಚಿಲ್ಲರೆ. ಯೂನಿಟ್‌ಗೆ ಏಳು ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೂ ಒಂದು ಬೋರಿನ ಮೇಲೆ ಸರ್ಕಾರ ವರ್ಷಕ್ಕೆ 86 ಸಾವಿರ ರೂಪಾಯಿ ಸುರಿಯುತ್ತದೆ. ನೀರು 100 ಮೀಟರಿನಲ್ಲೇ ಸಿಕ್ಕಿದ್ದರೆ ಇದು ಮೂರನೇ ಒಂದು ಭಾಗ. ಅಂದರೆ ನೀರು ಕೆಳಗಿಳಿದಷ್ಟೂ ಸಹಾಯಧನ ಹೆಚ್ಚು. ಇಳಿಸಿದವನಿಗೆ ಬಹುಮಾನ. ಪಕ್ಕದ ಹೊಲದಲ್ಲಿ ಮಳೆ ನಂಬಿ ರಾಗಿ ಬಿತ್ತಿದವನಿಗೆ, ಬೋರ್ ಫೇಲಾಗಿ ಸಾಲ ಕಟ್ಟುತ್ತಿರುವವನಿಗೆ, ಇದರಲ್ಲಿ ಒಂದು ಪೈಸೆಯೂ ಇಲ್ಲ.

ಇನ್ನೊಂದು ಗುಟ್ಟು ಇದರ ಒಳಗಿದೆ. ಮೀಟರ್ ಇಲ್ಲದ ಪಂಪ್‌ಸೆಟ್ ಎಷ್ಟು ಕರೆಂಟ್ ಕುಡಿಯಿತು ಎಂಬುದು ಅಂದಾಜು. ಲೈನಿನಲ್ಲಿ ಸೋರಿದ್ದು, ಕದ್ದದ್ದು, ಎಲ್ಲವನ್ನೂ ‘ರೈತರ ಪಂಪ್‌ಸೆಟ್’ ಎಂಬ ಕಾಲಮ್ಮಿಗೆ ತಳ್ಳಿಬಿಡಬಹುದು. ಮೀಟರ್ ಬೇಡ ಎನ್ನುವುದು ರೈತ ಮಾತ್ರ ಅಲ್ಲ ಎಂಬುದನ್ನು ನೆನಪಿಡಿ.

ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕಥೆ ಎಲ್ಲರಿಗೂ ಗೊತ್ತಿದೆ, ಆದರೂ ಹೇಳುತ್ತೇನೆ. 25 ಕೆವಿಎ ಟಿಸಿ 7.5 ಎಚ್‌ಪಿಯ ಮೂರು ಮೋಟಾರ್ ಹೊರುತ್ತದೆ. 63 ಕೆವಿಎ ಆದರೆ ಎಂಟು. ನೋಂದಣಿಯಲ್ಲಿ 5 ಎಚ್‌ಪಿ ಎಂದು ಬರೆಸಿ ಒಳಗೆ 10 ಇಳಿಸಿದರೆ, ಅದರ ಮೇಲೆ ಆರ್‌ಆರ್ ನಂಬರೇ (ಸಂಪರ್ಕದ ನೋಂದಣಿ ಸಂಖ್ಯೆ) ಇಲ್ಲದ ಎರಡು ಮೋಟಾರ್ ಸೇರಿದರೆ, ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಕುಸಿದರೆ ಮೋಟಾರ್ ಹೆಚ್ಚು ಆಂಪಿಯರ್ ಎಳೆಯುತ್ತದೆ, ಕಾಯಿಲ್ ಸುಡುತ್ತದೆ. ಕೊನೆಗೆ ಟಿಸಿಯೇ ಸುಡುತ್ತದೆ. ಹದಿನೈದು ದಿನ ಎಲ್ಲರ ಬೆಳೆಯೂ ಒಣಗುತ್ತದೆ. ಪುಕ್ಕಟೆ ಕರೆಂಟಿನ ಬೆಲೆಯನ್ನು ರೈತ ರೀವೈಂಡಿಂಗ್ ಅಂಗಡಿಯಲ್ಲಿ ಕಟ್ಟುತ್ತಾನೆ.

ಮೂರು ರಾಜ್ಯ, ಮೂರು ದಾರಿ

ಪಂಜಾಬಿನಲ್ಲಿ 1997ರಿಂದ, ನಡುವೆ ಕೆಲವು ವರ್ಷ ಬಿಟ್ಟರೆ, ಪಂಪಿಗೆ ಕರೆಂಟ್ ಪುಕ್ಕಟೆ, ಭತ್ತಕ್ಕೆ ಸರ್ಕಾರಿ ಖರೀದಿ ಖಾತ್ರಿ. ನೀರು ಇಳಿಯುತ್ತಲೇ ಹೋಯಿತು. 2009ರಲ್ಲಿ ಒಂದು ಕಾಯ್ದೆ ಬಂತು: ಜೂನ್ 10ಕ್ಕೆ ಮೊದಲು ಭತ್ತದ ನಾಟಿ ಮಾಡುವಂತಿಲ್ಲ. ಮೇ ತಿಂಗಳ ಉರಿಬಿಸಿಲಿನಲ್ಲಿ ಗದ್ದೆಯಲ್ಲಿ ನಿಲ್ಲಿಸಿದ ನೀರು ಆವಿಯಾಗುವುದನ್ನು ತಪ್ಪಿಸುವ ಉಪಾಯ. ನೀರಿನ ಮಟ್ಟಿಗೆ ಸರಿಯಾದ ಯೋಚನೆಯೇ. ಆದರೆ ನಾಟಿ ತಡವಾದರೆ ಕೊಯ್ಲೂ ತಡ. ಅಕ್ಟೋಬರ್ ಕೊನೆಯಲ್ಲಿ ಕೊಯ್ದ ರೈತನಿಗೆ ಗೋಧಿ ಬಿತ್ತಲು ಎರಡು ಮೂರು ವಾರ ಉಳಿಯಿತು. ಕೊಯ್ಲು ಯಂತ್ರ ಬಿಟ್ಟುಹೋದ ಕೂಳೆಯನ್ನು ತೆಗೆಯಲು ಸಮಯವಿಲ್ಲ, ಕಡ್ಡಿ ಗೀರಿದ. ಆ ಹೊತ್ತಿಗೆ ಗಾಳಿ ತಂಪಾಗಿ ನೆಲಕ್ಕೆ ಕೂತಿರುತ್ತದೆ, ಹೊಗೆ ಮೇಲೇರುವುದಿಲ್ಲ, ದಿಲ್ಲಿಯವರ ಎದೆಗೆ ಇಳಿಯುತ್ತದೆ. ನೀರಿನ ಇಲಾಖೆ ಉಳಿಸಿದ್ದನ್ನು ಗಾಳಿಯ ಇಲಾಖೆ ಕಳೆದುಕೊಂಡಿತು. ಕೂಳೆ ಸುಡುವುದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಭತ್ತವನ್ನು ಹಾಗೇ ಬಿಟ್ಟು ದಿನಾಂಕ ಮಾತ್ರ ಸರಿಸಿದರೆ ಕಷ್ಟ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ ಅಷ್ಟೇ.

ಗುಜರಾತ್ 2003ರಿಂದ 2006ರೊಳಗೆ ಜ್ಯೋತಿಗ್ರಾಮ ಯೋಜನೆಯಲ್ಲಿ ಮನೆಯ ಲೈನ್ ಬೇರೆ, ಪಂಪಿನ ಲೈನ್ ಬೇರೆ ಮಾಡಿತು. ಮನೆಗೆ 24 ಗಂಟೆ, ಪಂಪಿಗೆ ಎಂಟು ಗಂಟೆ, ಆದರೆ ಪೂರ್ತಿ ವೋಲ್ಟೇಜ್ ಮತ್ತು ಮೊದಲೇ ಹೇಳಿದ ಸಮಯಕ್ಕೆ. ಅದಕ್ಕೆ ಮುಂಚೆ ಒಂದೇ ಲೈನ್ ಇದ್ದಾಗ ರಾತ್ರಿ ಮನೆಗೆ ಬಿಟ್ಟ ಸಿಂಗಲ್‌ಫೇಸಿನಲ್ಲೇ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸುತ್ತಿದ್ದರು. ನಮ್ಮಲ್ಲೂ ಈ ಕೈಚಳಕ ಹೊಸದೇನಲ್ಲ. ಲೈನ್ ಬೇರೆಯಾದ ಮೇಲೆ ಆ ದಾರಿ ಮುಚ್ಚಿತು. ಕರ್ನಾಟಕದ ನಿರಂತರ ಜ್ಯೋತಿಯೂ ಇದೇ ಬಗೆಯದು. ಫೀಡರ್ ಬೇರ್ಪಡಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲ ನೀರಿನ ಯೋಜನೆಗಳ ಅಡಿಪಾಯ. ಅದಿಲ್ಲದೆ ಉಳಿದದ್ದು ಯಾವುದೂ ಅಳತೆಗೆ ಸಿಗುವುದಿಲ್ಲ. ಆದರೆ ಗುಜರಾತಿನಲ್ಲೂ ಕೊನೆಗೆ ಗಂಟೆಗೆ ಮಿತಿ ಬಂತು, ಯೂನಿಟ್‌ಗೆ ಬರಲಿಲ್ಲ. ಎಂಟು ಗಂಟೆಯಲ್ಲಿ ಹೆಚ್ಚು ನೀರು ಬೇಕಾದವರು ದೊಡ್ಡ ಮೋಟಾರ್ ಇಳಿಸಬಹುದು.

ಪಶ್ಚಿಮ ಬಂಗಾಳ 2007ರ ಹೊತ್ತಿಗೆ ಪಂಪ್‌ಗಳಿಗೆ ಮೀಟರ್ ಹಾಕಲು ಶುರು ಮಾಡಿತು. ಸಂಜೆ ಎಲ್ಲರೂ ದೀಪ ಹಚ್ಚುವ ಹೊತ್ತು ದುಬಾರಿ, ರಾತ್ರಿ ಅಗ್ಗ ಎಂದು ದಿನವನ್ನು ಭಾಗ ಮಾಡಿತು. ಅಲ್ಲಿ ನೀರು ಮೇಲೇ ಇದೆ, ಆದ್ದರಿಂದ ಕೆಲಸ ಸುಲಭ. ಆದರೂ ಒಂದು ಪೆಟ್ಟು ಬಿತ್ತು, ಅದೂ ಬಡವರಿಗೆ. ಮೊದಲು ಪಂಪ್ ಮಾಲೀಕ ವರ್ಷಕ್ಕೆ ಒಂದು ನಿಗದಿತ ಮೊತ್ತ ಕಟ್ಟುತ್ತಿದ್ದ. ಎಷ್ಟು ಓಡಿಸಿದರೂ ಅಷ್ಟೇ ದುಡ್ಡು, ಹಾಗಾಗಿ ಪಕ್ಕದ ಚಿಕ್ಕ ರೈತರಿಗೆ ಅಗ್ಗದಲ್ಲಿ ನೀರು ಮಾರುತ್ತಿದ್ದ. ಮೀಟರ್ ಬಂದ ಮೇಲೆ ಮಾರುವ ಆತುರ ಹೋಯಿತು, ಕೊಳ್ಳುವವನಿಗೆ ದರ ಏರಿತು. ಮೀಟರ್ ಎಲ್ಲಕ್ಕೂ ಮದ್ದು ಎನ್ನುವವರು ಈ ಕೊಳ್ಳುವವನನ್ನು ಮರೆಯಬಾರದು.

ಹನಿಯೂ ಕೆರೆಯೂ

ಹನಿ ನೀರಾವರಿಯ ಬಗ್ಗೆ ನನ್ನದು ಸ್ವಲ್ಪ ಖಾರದ ಮಾತು. ಹನಿ ಹಾಕಿದರೆ ಬೆಳೆಗೆ ಒಳ್ಳೆಯದು, ಕಳೆ ಕಡಿಮೆ, ಕೂಲಿ ಕಡಿಮೆ, ಗೊಬ್ಬರ ಬೇರಿಗೇ ಸೇರುತ್ತದೆ. ಇದರಲ್ಲಿ ವಾದವಿಲ್ಲ. ಆದರೆ ಅಂತರ್ಜಲ ಉಳಿಯುತ್ತದೆಯೇ? ಎರಡಿಂಚಿನ ಬೋರಿನಲ್ಲಿ ಹಾಯಿನೀರು ಬಿಟ್ಟರೆ ಒಂದು ಎಕರೆಗೆ ಒಂದು ತೇವ ಕೊಡಲು ಹತ್ತು ಹನ್ನೆರಡು ದಿನ ಬೇಕು. ಹನಿ ಹಾಕಿದ ಮೇಲೆ ಅದೇ ನೀರು ಎರಡು ಎರಡೂವರೆ ಎಕರೆಗೆ ಸಾಕು. ರೈತ ಏನು ಮಾಡುತ್ತಾನೆ? ಬೀಳು ಬಿಟ್ಟಿದ್ದ ಇನ್ನೊಂದು ಎಕರೆಗೂ ಪೈಪ್ ಎಳೆಯುತ್ತಾನೆ. ನಾನಾದರೂ ಅದನ್ನೇ ಮಾಡುತ್ತೇನೆ. ಪಂಪ್ ಓಡುವುದು ಮೊದಲಿನ ಹಾಗೆ ಏಳು ಗಂಟೆ. ಮೇಲೆ ಬರುವ ನೀರು ಅಷ್ಟೇ. ಬದಲಿಗೆ ಹಾಯಿನೀರಿನಲ್ಲಿ ಕೆಳಗೆ ಇಳಿದು ಮತ್ತೆ ಬಾವಿಗೆ ಸೇರುತ್ತಿದ್ದ ಸ್ವಲ್ಪ ನೀರೂ ಈಗ ಇಲ್ಲ. ಯೂನಿಟ್ ಮೇಲೆ ಮಿತಿಯಿಲ್ಲದ ಕಡೆ ಕೊಟ್ಟ ಹನಿ ಸಹಾಯಧನ ಉತ್ಪಾದನೆಯ ಯೋಜನೆ. ಅದನ್ನು ಜಲ ಸಂರಕ್ಷಣೆಯ ಖಾತೆಗೆ ಬರೆಯಬಾರದು.

ಬಳಕೆಯ ತೊಂದರೆಗಳು ಬೇರೆ. ಆಳದ ಬೋರಿನ ನೀರು ಗಡಸು. ತೂತಿನ ಬಾಯಲ್ಲಿ ಸುಣ್ಣ ಕಟ್ಟುತ್ತದೆ, ಸಾಲಿನ ಕೊನೆಯ ಗಿಡಗಳು ಮೊದಲು ಬಾಡುತ್ತವೆ. ಇದಕ್ಕೆ ಆ್ಯಸಿಡ್ ಹಾಯಿಸಬೇಕು: ಪೈಪಿನ ನೀರಿನ ಪಿಎಚ್ 4ಕ್ಕೆ ಇಳಿಯುವಷ್ಟು, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ತುದಿಯ ಮುಚ್ಚಳ ಬಿಚ್ಚಿ ಜೋರಾಗಿ ತೊಳೆಯಬೇಕು. ನೀರಿಗೆ ಆ್ಯಸಿಡ್ ಸುರಿಯಬೇಕು, ಆ್ಯಸಿಡ್‌ಗೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಫಿಲ್ಟರ್ ತೊಳೆಯದವರ ಹನಿ ಎರಡು ವರ್ಷಕ್ಕೇ ಮುಗಿಯುತ್ತದೆ. ಅದೇ ಜಮೀನಿಗೆ ಮತ್ತೆ ಸಹಾಯಧನ ಸಿಗುವುದು ಏಳು ವರ್ಷದ ಮೇಲೆ. ಮಧ್ಯದ ಐದು ವರ್ಷ ಪೈಪ್ ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲೆ.

ಇನ್ನು ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರಿನಷ್ಟು ಕೋಲಾರದ ಕಡೆಯ 126 ಕೆರೆಗಳಿಗೆ ತುಂಬಿಸುವ ಯೋಜನೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ನೊರೆ ಕಾಣಿಸಿತು, ಕೋರ್ಟಿಗೆ ಹೋಯಿತು, ಆಮೇಲೆ ಮತ್ತೆ ಹರಿಯಿತು. ಸುತ್ತಲಿನ ಬಾವಿಗಳಲ್ಲಿ ಮಟ್ಟ ಏರಿತು. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಸಾರಜನಕ, ರಂಜಕ, ಭಾರ ಲೋಹಗಳು ಎರಡನೇ ಹಂತದಲ್ಲಿ ಪೂರ್ತಿ ಹೋಗುವುದಿಲ್ಲ, ಬಂಡೆಯ ಬಿರುಕು ಮರಳಿನ ಹಾಗೆ ಸೋಸುವುದೂ ಇಲ್ಲ. ಕುಡಿಯುವ ನೀರಿಗೆ ಬೇರೆ ಮೂಲ ಇರಲೇಬೇಕು.

ನಾನು ಹೇಳಬೇಕಾದ್ದು ಪ್ರಮಾಣದ ವಿಷಯ. 44 ಕೋಟಿ ಲೀಟರ್ ವರ್ಷವಿಡೀ ಪೂರ್ತಿ ಬಂದು, ಒಂದು ಹನಿಯೂ ಆವಿಯಾಗದೆ ಇಂಗಿತು ಎಂದರೂ, ನಮ್ಮ ಎರಡಿಂಚಿನ ಬೋರಿನ ಲೆಕ್ಕದಲ್ಲಿ ಅದು 27 ಸಾವಿರ ಬೋರುಗಳ ಖರ್ಚು. ಆವಿ ಕಳೆದರೆ ಇನ್ನೂ ಕಡಿಮೆ. ದೊಡ್ಡ ಸಹಾಯವೇ ಸರಿ. ಆದರೆ ನೀರು ಮೇಲೆ ಬಂದ ಊರಿನಲ್ಲಿ ಹೊಸ ಬೋರಿಗೆ, ಹೊಸ ಮೋಟಾರಿಗೆ, ಹೊಸ ಗದ್ದೆಗೆ ತಡೆಯಿಲ್ಲದಿದ್ದರೆ ಈ 27 ಸಾವಿರ ತುಂಬಲು ಹೆಚ್ಚು ವರ್ಷ ಬೇಕಾಗುವುದಿಲ್ಲ. ಹಿಂದೆ ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬು ಎಷ್ಟು ಎತ್ತಬೇಕು, ಈ ವರ್ಷ ಅಚ್ಚುಕಟ್ಟಿನಲ್ಲಿ ಯಾವ ತುದಿಯವರೆಗೆ ಭತ್ತ, ಎಲ್ಲಿಂದಾಚೆ ರಾಗಿ ಎಂಬುದು ಕೆರೆಯ ಮಟ್ಟ ನೋಡಿ ತೀರ್ಮಾನವಾಗುತ್ತಿತ್ತು. ಕೆರೆಯನ್ನು ಪಂಪಿನಿಂದ ತುಂಬಿಸಿದೆವು, ನೀರುಗಂಟಿಯನ್ನು ತುಂಬಿಸಲಿಲ್ಲ.

ಹಾಗಾದರೆ ಏನು ಮಾಡಬೇಕು

ಮೊದಲು ಊರಿನ ಲೆಕ್ಕ. ಒಂದು ಕಲ್ಪಿತ ಊರು ತೆಗೆದುಕೊಳ್ಳಿ: ಒಟ್ಟು 1,500 ಎಕರೆ, ಎರಡು ಸಾವಿರ ಜನ, 500 ದನ. ಮೇಲಿನ ಪ್ರಮಾಣದಲ್ಲಿ ವರ್ಷಕ್ಕೆ ಇಂಗುವುದು 36 ಕೋಟಿ 45 ಲಕ್ಷ ಲೀಟರ್. ತಲೆಗೆ ದಿನಕ್ಕೆ 55 ಲೀಟರಿನಂತೆ ಜನರಿಗೆ 4 ಕೋಟಿ. ದನಕ್ಕೆ 50 ಲೀಟರಿನಂತೆ ಸುಮಾರು 90 ಲಕ್ಷ. ಹತ್ತರಲ್ಲಿ ಒಂದು ಪಾಲು ಹಳ್ಳ ತೊರೆಗೆ ಸಹಜವಾಗಿ ಹೋಗಲಿ ಎಂದು ಬಿಡಬೇಕು. ಉಳಿಯುವುದು ಹತ್ತಿರ ಹತ್ತಿರ 28 ಕೋಟಿ ಲೀಟರ್. ಹನಿಯಲ್ಲಿ ಬೆಳೆದ ಟೊಮೇಟೊಗೆ 500 ಮಿ.ಮೀ. ಹಿಡಿದರೆ ಎಕರೆಗೆ 20 ಲಕ್ಷ ಲೀಟರ್, ಅಂದರೆ ಇಡೀ ಊರಿಗೆ 138 ಎಕರೆ ಟೊಮೇಟೊ. ಅಥವಾ 57 ಎಕರೆ ಭತ್ತ. ಅಷ್ಟೇ. ಕೆರೆ ಇದ್ದರೆ ಅದರ ಇಂಗುವಿಕೆ ಸೇರಿಸಿಕೊಳ್ಳಿ. ಈ ಅಂಕಿಯನ್ನು ಅಕ್ಟೋಬರಿನಲ್ಲಿ, ಹಿಂಗಾರಿಗೆ ಬೀಜ ಕೊಳ್ಳುವ ಮೊದಲು ಊರಿನ ಮುಂದೆ ಇಡಬೇಕು. ಜನವರಿಯಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಸಸಿ ನೆಟ್ಟಾಗಿರುತ್ತದೆ.

ಇದು ಕಾಗದದ ಕನಸಲ್ಲ. ಅವಿಭಜಿತ ಆಂಧ್ರದ ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ಮಳೆಮಾಪಕ ಓದಿ, ಹದಿನೈದು ದಿನಕ್ಕೊಮ್ಮೆ ಬೋರಿಗೆ ತಂತಿ ಇಳಿಸಿ ಮಟ್ಟ ಬರೆದು, ಹಿಂಗಾರಿಗೆ ಮುಂಚೆ ಬೆಳೆಯ ನೀರಿನ ಬಜೆಟ್ ಮಾಡಿದ್ದಾರೆ. ಮಹಾರಾಷ್ಟ್ರದ ಹಿವರೆ ಬಜಾರ್ ಊರು ಪೋಪಟರಾವ್ ಪವಾರ್ ಅವರ ಮುಂದಾಳತ್ವದಲ್ಲಿ ಬೇಸಾಯಕ್ಕೆ ಬೋರ್ ಬೇಡ, ಕಬ್ಬು ಬಾಳೆ ಬೇಡ ಎಂದು ತಾನೇ ಕಟ್ಟಳೆ ಹಾಕಿಕೊಂಡಿತು. ಕೇಂದ್ರದ ಅಟಲ್ ಭೂಜಲ ಯೋಜನೆಯೂ ಇದೇ ಜಾಡಿನದು: ಕರ್ನಾಟಕವೂ ಸೇರಿ ಏಳು ರಾಜ್ಯ, 6,000 ಕೋಟಿ ರೂಪಾಯಿ. ಆದರೆ ಹಿವರೆ ಬಜಾರಿನಂಥ ಒಗ್ಗಟ್ಟು ಎಲ್ಲ ಊರಲ್ಲೂ ಇರುತ್ತದೆ ಎಂದು ನಂಬಿ ನೀತಿ ಬರೆಯಬಾರದು. ಬಜೆಟ್ ತೋರಿಸಿದ ಮೇಲೂ ‘ನಾನೊಬ್ಬ ಬಿಟ್ಟರೆ ಪಕ್ಕದವನು ಎತ್ತುತ್ತಾನೆ’ ಎಂಬ ಮಾತು ಬಂದೇ ಬರುತ್ತದೆ. ಅದು ನಿಜವೂ ಹೌದು. ಆದ್ದರಿಂದ ಬಿಟ್ಟವನಿಗೆ ದುಡ್ಡು ಸಿಗಬೇಕು.

ಪಂಜಾಬ್ 2018ರಲ್ಲಿ ಕೆಲವೇ ಫೀಡರ್‌ಗಳಲ್ಲಿ ಇದನ್ನು ಪ್ರಯೋಗಿಸಿತು. ಪ್ರತಿ ಪಂಪಿಗೆ ಇಷ್ಟು ಯೂನಿಟ್ ಎಂಬ ಹಕ್ಕು, ಉಳಿಸಿದ ಯೂನಿಟ್‌ಗೆ ನಾಲ್ಕು ರೂಪಾಯಿ ಖಾತೆಗೆ. ಮೀರಿದರೂ ಬಿಲ್ ಇಲ್ಲ. ನಮ್ಮ ಬೋರಿಗೆ ಇದನ್ನು ಹಾಕಿ ನೋಡೋಣ. ಹಕ್ಕು 12 ಸಾವಿರ ಯೂನಿಟ್, ಬಳಸಿದ್ದು 9 ಸಾವಿರ. ಉಳಿದ 3 ಸಾವಿರಕ್ಕೆ ರೈತನಿಗೆ 12 ಸಾವಿರ ರೂಪಾಯಿ. ಸರ್ಕಾರಕ್ಕೆ ಉಳಿದದ್ದು 21 ಸಾವಿರ, ರೈತನಿಗೆ ಕೊಟ್ಟ ಮೇಲೂ 9 ಸಾವಿರ ಕೈಯಲ್ಲಿ. ನೆಲದಲ್ಲಿ ಉಳಿದ ನೀರು ಸುಮಾರು 15 ಲಕ್ಷ ಲೀಟರ್, ಆರು ಎಕರೆಯ ಇಂಗುವಿಕೆ. ಹನಿ ನೀರಾವರಿ ನಿಜವಾಗಿ ನೀರು ಉಳಿಸುವುದು ಇಂಥ ಕಡೆ ಮಾತ್ರ, ಏಕೆಂದರೆ ಉಳಿಸಿದ್ದಕ್ಕೆ ಈಗ ಬೆಲೆ ಇದೆ. ಒಂದು ಎಚ್ಚರ: ಹಕ್ಕನ್ನು ಎಚ್‌ಪಿ ಲೆಕ್ಕದಲ್ಲಿ ಹಂಚಿದರೆ ದೊಡ್ಡ ಮೋಟಾರಿನವನಿಗೇ ಮತ್ತೆ ಲಾಭ. ಒಂದು ಟಿಸಿಯ ಒಟ್ಟು ಬಳಕೆಯನ್ನು ಅದರ ಕೆಳಗಿನ ಕುಟುಂಬಗಳಿಗೆ ಸಮನಾಗಿ ಹಂಚುವುದು ವಾಸಿ.

ಸೌರ ಪಂಪಿನ ವಿಷಯದಲ್ಲಿ ನನಗೆ ಅರ್ಧ ಸಂತೋಷ, ಅರ್ಧ ಭಯ. ಹಗಲು ಕರೆಂಟ್ ಸಿಗುತ್ತದೆ, ರಾತ್ರಿ ಹೊಲದಲ್ಲಿ ಕಾಯುವುದು ತಪ್ಪುತ್ತದೆ. ಆದರೆ ಗ್ರಿಡ್‌ಗೆ ಸೇರದ ಒಂಟಿ ಸೌರ ಪಂಪು ಎಂದರೆ ಬಿಸಿಲಿರುವಷ್ಟು ಹೊತ್ತೂ ಪುಕ್ಕಟೆ ನೀರು. ಏಳು ಗಂಟೆಯ ಮಿತಿಯೂ ಹೋಯಿತು. ಇಂಥ ಒಂಟಿ ಸೌರ ಪಂಪಿಗೆ ಸಹಾಯಧನ ಕೊಡುವ ಕೇಂದ್ರದ ಕುಸುಮ್ ಬಿ ಯೋಜನೆಯ ಅಡಿಯಲ್ಲಿ ಕರ್ನಾಟಕದಲ್ಲಿ ಕೇಂದ್ರ 30, ರಾಜ್ಯ 50 ಪಾಲು ಕೊಟ್ಟು ರೈತನಿಂದ 20 ಪಾಲು ಮಾತ್ರ ತೆಗೆದುಕೊಳ್ಳುವ ವ್ಯವಸ್ಥೆ ಬಂತು. ಅತಿಬಳಕೆಯ ಪಟ್ಟಿಯಲ್ಲಿರುವ ತಾಲ್ಲೂಕಿಗೆ ಇದನ್ನು ಬೇರೆ ಕಟ್ಟುಪಾಡಿಲ್ಲದೆ ಕೊಡುವುದು ಉರಿಯುವ ಒಲೆಗೆ ಇನ್ನೊಂದು ಕೊರಡು ಒಡ್ಡಿದ ಹಾಗೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಊರಿನ ರೈತರು ಸೌರ ಪಂಪುಗಳ ಸಹಕಾರ ಸಂಘ ಮಾಡಿ, ಮಿಕ್ಕ ಕರೆಂಟನ್ನು ವಿದ್ಯುತ್ ಕಂಪನಿಗೆ ಯೂನಿಟ್‌ಗೆ 4 ರೂಪಾಯಿ 63 ಪೈಸೆಗೆ ಮಾರಿದರು. ಅದು ಸರಿಯಾದ ದಾರಿ. ಬಿಸಿಲು ಮಾರಿದರೆ ದುಡ್ಡು ಬರುವಾಗ ನೀರು ಎತ್ತುವ ಮೊದಲು ರೈತ ಎರಡು ಸಲ ಯೋಚಿಸುತ್ತಾನೆ.

ಬೆಳೆಯ ಬೆಲೆ ಇದಕ್ಕೆಲ್ಲ ಜೊತೆಗಾರ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಕಾಗದದಲ್ಲಿ ರಾಗಿ ಗೆದ್ದಿದೆ. ಖರೀದಿ ಕೇಂದ್ರ ತಡವಾಗಿ ತೆರೆದರೆ, ಒಬ್ಬರಿಂದ ಇಷ್ಟೇ ಕ್ವಿಂಟಲ್ ಎಂದು ಮಿತಿ ಹಾಕಿದರೆ, ಗೋಣಿಚೀಲ ಇಲ್ಲ ಎಂದು ವಾಪಸ್ ಕಳಿಸಿದರೆ ಆ ಬೆಲೆ ದಲ್ಲಾಳಿಯ ಕೈ ಸೇರುತ್ತದೆ. ಮಳೆಯಲ್ಲೇ ಬೆಳೆಯುವ ರಾಗಿ, ಅವರೆ, ತೊಗರಿಗೆ ಖರೀದಿ ಖಾತ್ರಿ ಕೊಡುವುದು ನನ್ನ ಪ್ರಕಾರ ಅಂತರ್ಜಲ ಇಲಾಖೆಯ ಕೆಲಸವೂ ಹೌದು.

ಕೊನೆಗೆ ಎಲ್ಲ ಸಭೆಯಲ್ಲೂ ಏಳುವ ಪ್ರಶ್ನೆ: ‘ಇವತ್ತು ಮೀಟರ್ ಹಾಕುತ್ತೀರಿ, ನಾಳೆ ಬಿಲ್ ಕಳಿಸುವುದಿಲ್ಲ ಎಂದು ಏನು ಗ್ಯಾರಂಟಿ?’ ಬಾಯಿಮಾತಿನ ಗ್ಯಾರಂಟಿ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅದಕ್ಕೇ ಮೀಟರನ್ನು ರೈತನ ಪಂಪ್‌ಹೌಸಿಗೆ ತರಬೇಡಿ, ಟಿಸಿಗೆ ಹಾಕಿ ಎನ್ನುತ್ತೇನೆ. ಮೊದಲ ವರ್ಷ ಹಣದ ಮಾತೇ ಬೇಡ. ತಿಂಗಳಿಗೊಮ್ಮೆ ಗೊತ್ತಾದ ದಿನ, ಆ ಟಿಸಿಯ ಎಲ್ಲ ಮನೆಯವರೂ ನಿಂತಿರುವಾಗ ರೀಡಿಂಗ್ ತೆಗೆಯಬೇಕು. ಅದೇ ದಿನ ಹತ್ತಿರದ ಒಂದು ಬೋರಿಗೆ ತಂತಿ ಇಳಿಸಿ ನೀರಿನ ಮಟ್ಟ ನೋಡಬೇಕು, ಮೋಟಾರ್ ನಿಲ್ಲಿಸಿ ಕನಿಷ್ಠ ಅರ್ಧ ದಿನ ಆಗಿರಬೇಕು, ಇಲ್ಲದಿದ್ದರೆ ಮಟ್ಟ ಸುಳ್ಳು ಹೇಳುತ್ತದೆ. ಎರಡು ಅಂಕಿಯನ್ನೂ ಪಂಚಾಯಿತಿಯ ಗೋಡೆಯ ಮೇಲೆ ಪಕ್ಕ ಪಕ್ಕ ಬರೆಯಬೇಕು, ಯೂನಿಟ್ ಒಂದು ಸಾಲು, ಅಡಿ ಒಂದು ಸಾಲು. ಹನ್ನೆರಡು ತಿಂಗಳ ಸಾಲು ತುಂಬಿದ ಮೇಲೆ ಹಕ್ಕು ಎಷ್ಟು, ಉಳಿಸಿದ್ದಕ್ಕೆ ಎಷ್ಟು ಎಂದು ಮಾತಿಗೆ ಕೂರೋಣ.